ಅಪ್‌ಡೇಟ್: ರಾಸ್ಪ್‌ಬೆರಿ ಪೈ ಝೀರೋದಲ್ಲಿ ಫೋಟೋಗಳ ಬಣ್ಣ ತಿದ್ದುವಿಕೆ
512 ಎಂಬಿ ಮೆಮೊರಿಯ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ ಝೀರೋದಲ್ಲಿ ಫೋಟೋಗಳ ಹಳದಿ ಛಾಯೆಯನ್ನು ಬೇಗ ತೆಗೆಯುವುದು ಹೇಗೆಂದು ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಪ್ರತಿ ಪಿಕ್ಸೆಲ್‌ಗೂ ಗಾಮಾ (ಹೊಳಪನ್ನು ಹೊಂದಿಸುವ ಸೂತ್ರ) ಲೆಕ್ಕ ಮಾಡುವುದನ್ನು ಬಿಟ್ಟು, ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ತಿದ್ದಿದ 256 ಮೌಲ್ಯಗಳ ಕೋಷ್ಟಕವನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದೇನೆ. ಮೂರೂ ಸೇರಿ 768 ಬೈಟ್‌ಗಳಷ್ಟೇ ಆಗುವುದರಿಂದ ಅವು ಪ್ರೊಸೆಸರಿನ ಅತಿವೇಗದ ಕಿರುಮೆಮೊರಿಯಾದ ಕ್ಯಾಶ್‌ನಲ್ಲಿಯೇ ಹಿಡಿಯುತ್ತವೆ, ಕೆಲಸವೂ ಸಾಕಷ್ಟು ಚುರುಕಾಗಿದೆ. ಆದರೆ ಎಷ್ಟು ತಿದ್ದಬೇಕೆಂದು ನಿರ್ಧರಿಸಲು ಮೂರೂ ಬಣ್ಣಗಳ ಸರಾಸರಿಯನ್ನು ಸಮಗೊಳಿಸುವ ಗ್ರೇ ವರ್ಲ್ಡ್ ವಿಧಾನವು, ಭತ್ತದ ಗದ್ದೆಯೇ ತುಂಬಿರುವ ಚಿತ್ರದಲ್ಲಿ ಹಸಿರನ್ನೇ ದೋಷವೆಂದು ಬಗೆದು ಬಿಳಿ ಮೋಡಗಳಿಗೆ ನೇರಳೆ ಬಳಿಯುತ್ತದೆ (ಪಾಪ, ಅದಕ್ಕೆ ಗದ್ದೆಯೆಂದರೇನು ಗೊತ್ತು!). ಆದ್ದರಿಂದ ಚಿತ್ರದ ಕಿರುಪ್ರತಿಯೊಂದನ್ನು ಮಾಡಿಕೊಂಡು, ಅದರಲ್ಲಿ ಗದ್ದೆಯ ಹಸಿರಿನಂಥ ತೀರಾ ಗಾಢ ಬಣ್ಣದ ಪಿಕ್ಸೆಲ್‌ಗಳನ್ನು ಕೈಬಿಟ್ಟು, ಉಳಿದವುಗಳಿಂದಷ್ಟೇ ಸರಾಸರಿ ತೆಗೆಯುತ್ತಿದ್ದೇನೆ. ಸದ್ಯಕ್ಕೆ ಮೋಡಗಳು ಬಿಳಿಯಾಗಿಯೇ ಬರುತ್ತಿವೆ.