ಅಪ್‌ಡೇಟ್: ಹೃದಯಾಘಾತದ ನಂತರ ತಂದೆಯವರ ನಡಿಗೆ ಎಷ್ಟು ಬಿರುಸಾಗಿರಬೇಕು?

ಸ್ಟೆಂಟ್ ಹಾಕಿಸಿಕೊಂಡ ನಮ್ಮ ತಂದೆಯವರು ನಡೆಯುವಾಗ ನಾಡಿಬಡಿತ ಎಷ್ಟಿರಬೇಕು ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿಬಡಿತವನ್ನು ಅಂದಾಜಿಸುವ ಲೆಕ್ಕ ಹಿಡಿದು ನಾನು ಅವರನ್ನು ಅವಸರಪಡಿಸುತ್ತಿದ್ದುದು ತಪ್ಪೆಂದು ಈಗ ತಿಳಿದಿದೆ. ಅವರು ತೆಗೆದುಕೊಳ್ಳುವ ಮೆಟೊಪ್ರೊಲಾಲ್ ಮಾತ್ರೆಯೇ ಬಡಿತವನ್ನು ತಗ್ಗಿಸುವುದರಿಂದ ಆ ಲೆಕ್ಕ ಅವರಿಗೆ ಹೊಂದುವುದಿಲ್ಲ. ಮಾತ್ರೆ ನಿಲ್ಲಿಸದೆಯೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದ ವೈದ್ಯರು, ನಡೆಯುವವರಿಗೆ ಎಷ್ಟು ಆಯಾಸವೆನಿಸುತ್ತದೆ ಎಂಬುದನ್ನು 6ರಿಂದ 20ರವರೆಗಿನ ಅಂಕಗಳಲ್ಲಿ ಹೇಳುವ ಬೋರ್ಗ್ ಮಾಪನದಲ್ಲಿ 11ರಿಂದ 13ರಷ್ಟು ಆಯಾಸವಾಗುವಂತೆ, ಅಂದರೆ ಮಾತನಾಡಲು ಸಾಧ್ಯವಾದರೂ ಹಾಡಲು ಉಸಿರು ಸಾಲದಷ್ಟು ಬಿರುಸಾಗಿ, ನಡೆಯಲು ಹೇಳಿದರು. ಮೊದಲ ವಾರ ಮನೆಯ ಮುಂದಿನ ಏರಿನಲ್ಲಿ ಎರಡು ಸಲ ಕಾಂಪೌಂಡ್ ಗೋಡೆ ಹಿಡಿದು ನಿಲ್ಲುತ್ತಿದ್ದವರು, ಈಗ ಐದು ನಿಮಿಷ ನಿಧಾನವಾಗಿ ಆರಂಭಿಸಿ, ನನ್ನೊಡನೆ ಮಾತನಾಡುತ್ತಲೇ ಅರ್ಧ ಗಂಟೆ ನಡೆಯುತ್ತಾರೆ. ಎದೆ ಬಿಗಿದರೆ ತಕ್ಷಣ ನಿಲ್ಲಬೇಕೆಂಬುದನ್ನು ಇಬ್ಬರೂ ಮರೆತಿಲ್ಲ.