ಚಾಟನ್–ಗಾಡ್ಮರ್ಶಮ್ ನೈಟ್ ಕುಟುಂಬ: ವಂಶವೃಕ್ಷ 1812ರಲ್ಲಿ ತುಂಡಾಗುತ್ತಿದೆ, ದತ್ತು ಪತ್ರ ಎಲ್ಲಿ ಸಿಗುತ್ತದೆ?

ಬೇರು_ಬಿಳಲು:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳ ದಾಖಲೆ ಹುಡುಕುವುದನ್ನು ಕಲಿಯಬೇಕು ಅಂತ ತುಂಬಾ ಆಸೆ. ಅದಕ್ಕೆ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಅಣ್ಣ ಎಡ್ವರ್ಡ್ ಅವರ ಕುಟುಂಬವನ್ನು ಆರಿಸಿಕೊಂಡಿದ್ದೇನೆ. ಕೆಂಟ್‌ನ ಗಾಡ್ಮರ್ಶಮ್, ಹ್ಯಾಂಪ್‌ಶೈರ್‌ನ ಚಾಟನ್, ಎರಡೂ ಎಸ್ಟೇಟ್ ಇವರದ್ದೇ.

ಸಮಸ್ಯೆ ಹೀಗಿದೆ. 19ನೇ ಶತಮಾನದ ಕಾಗದಗಳಲ್ಲೆಲ್ಲ ಎಡ್ವರ್ಡ್ ನೈಟ್ ಅಂತ ಇದೆ. ಆದರೆ 1767ರಲ್ಲಿ ಹುಟ್ಟಿದ ಎಡ್ವರ್ಡ್ ನೈಟ್‌ಗೆ ಬ್ಯಾಪ್ಟಿಸಂ ದಾಖಲೆಯೇ ಇಲ್ಲ. ಎಡ್ವರ್ಡ್ ಆಸ್ಟಿನ್ ಅಂತ ಹುಡುಕಿದರೆ ಅವರೂ ಅವರ 11 ಮಕ್ಕಳೂ ಸಿಗುತ್ತಾರೆ, ಆಮೇಲೆ ಎಲ್ಲರೂ ಮಾಯ. ಥಾಮಸ್ ನೈಟ್ ದಂಪತಿ ಅವರನ್ನು ದತ್ತು ತೆಗೆದುಕೊಂಡರು ಅನ್ನೋದು ಗೊತ್ತು. ಆ ದತ್ತು ಪತ್ರ ಯಾವ ಕಚೇರಿಯಲ್ಲಿರುತ್ತದೆ?

ಮೇಲಕ್ಕೆ ಹೋದರೆ ಇನ್ನೂ ಗೋಜಲು. ಥಾಮಸ್ ನೈಟ್ ಅವರ ತಂದೆಯ ಜಾಗದಲ್ಲಿ ಬ್ರಾಡ್ನಾಕ್ಸ್, ಮೇ, ನೈಟ್ ಅಂತ ಮೂವರು ಥಾಮಸ್‌ಗಳು ಬರುತ್ತಿದ್ದಾರೆ. ನನ್ನ ಸಾಫ್ಟ್‌ವೇರ್ ಮೂವರನ್ನೂ ಬೇರೆ ಬೇರೆ ಜನ ಅಂತ ತೋರಿಸುತ್ತಿದೆ. ದಾರಿ ತೋರಿಸಿ.

ಹಳೆ_ಕಡತ:
ದತ್ತು ಪತ್ರ ಹುಡುಕುವುದನ್ನು ಇವತ್ತೇ ನಿಲ್ಲಿಸಿ ಮೇಡಂ. ಅಂಥದ್ದೊಂದು ಇಲ್ಲವೇ ಇಲ್ಲ. ನಮ್ಮಲ್ಲಿ ದತ್ತು ಅಂದರೆ ಶಾಸ್ತ್ರ, ಹೋಮ, ಸಾಕ್ಷಿ, ಹಕ್ಕು ಎಲ್ಲ ಇತ್ತು. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಕಾನೂನು ಬಂದಿದ್ದೇ 1926ರಲ್ಲಿ. ಅದಕ್ಕೆ ಮುಂಚೆ ಮಗುವನ್ನು ಮನೆಗೆ ಕರೆತಂದು ಸಾಕಬಹುದಿತ್ತು. ಆದರೆ ಆಸ್ತಿ ಕೊಡಬೇಕು ಅಂದರೆ ಉಯಿಲು ಬರೆಯಬೇಕು, ಇಲ್ಲ ಸೆಟ್ಲ್‌ಮೆಂಟ್ ಪತ್ರ (ಯಾರ ನಂತರ ಆಸ್ತಿ ಯಾರಿಗೆ ಅಂತ ಮೊದಲೇ ಬರೆದಿಡುವ ಕಾಗದ) ಮಾಡಿಸಬೇಕು. ನೀವು ಹುಡುಕಬೇಕಾದ್ದು 1794ರಲ್ಲಿ ತೀರಿಕೊಂಡ ಥಾಮಸ್ ನೈಟ್ ಅವರ ಉಯಿಲು. ಆಸ್ತಿ ಮೊದಲು ಹೆಂಡತಿ ಕ್ಯಾಥರೀನ್‌ಗೆ, ಅವರ ನಂತರ ಎಡ್ವರ್ಡ್‌ಗೆ. ಕ್ಯಾಥರೀನ್ ಕೆಲವೇ ವರ್ಷಗಳಲ್ಲಿ ಎಸ್ಟೇಟನ್ನು ಎಡ್ವರ್ಡ್ ಕೈಗೆ ಕೊಟ್ಟು, ತಮಗೆ ವರ್ಷಾಶನ ಇಟ್ಟುಕೊಂಡರು. 1812ರಲ್ಲಿ ಅವರು ತೀರಿಕೊಂಡ ಮೇಲೆ ಎಡ್ವರ್ಡ್ ಮತ್ತು ಮಕ್ಕಳೆಲ್ಲ ನೈಟ್ ಅಂತ ಹೆಸರು ಬದಲಿಸಿಕೊಂಡರು.

ಕೊನೆಯ ಮಗ ಬ್ರೂಕ್ ಜಾನ್ ಹುಟ್ಟಿದ್ದು 1808ರಲ್ಲಿ. ಹಾಗಾಗಿ ಹನ್ನೊಂದು ಮಕ್ಕಳೂ ಬ್ಯಾಪ್ಟಿಸಂ ರಿಜಿಸ್ಟರ್‌ನಲ್ಲಿ ಆಸ್ಟಿನ್, ಮದುವೆಯಾದವರು ಮದುವೆಯ ರಿಜಿಸ್ಟರ್‌ನಲ್ಲಿ ನೈಟ್. ಯಾರೂ ಮಾಯವಾಗಿಲ್ಲ.

ನಿಮ್ಮ ಮೂವರು ಥಾಮಸ್‌ಗಳು ಒಬ್ಬರೇ! ಗಾಡ್ಮರ್ಶಮ್‌ನ ಥಾಮಸ್ ಬ್ರಾಡ್ನಾಕ್ಸ್ 1727ರಲ್ಲಿ ಒಂದು ಆಸ್ತಿಗಾಗಿ ಮೇ ಆದರು. 1738ರಲ್ಲಿ ಚಾಟನ್ ಆಸ್ತಿಗಾಗಿ ನೈಟ್ ಆದರು. ಎರಡು ಸಲವೂ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿಕೊಂಡೇ ಹೆಸರು ಬದಲಿಸಿದ್ದು. ಅವರಿಗಿಂತ ಮುಂಚೆ ಚಾಟನ್ ಇದ್ದದ್ದು ಎಲಿಜಬೆತ್ ನೈಟ್ ಕೈಯಲ್ಲಿ. ಅವರನ್ನು ಮದುವೆಯಾದ ಇಬ್ಬರು ಗಂಡಂದಿರೂ ಒಬ್ಬರ ನಂತರ ಒಬ್ಬರು ನೈಟ್ ಹೆಸರು ಹಾಕಿಕೊಂಡರು. ಹೀಗೆ ಇಲ್ಲಿ ಹೆಸರು ರಕ್ತದ ಹಿಂದೆ ಹೋಗುವುದಿಲ್ಲ, ಜಮೀನಿನ ಹಿಂದೆ ಹೋಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲು ಎಸ್ಟೇಟಿನ ಪಟ್ಟಿ ಮಾಡಿ. ಯಾವ ವರ್ಷದಿಂದ ಯಾರ ಕೈಯಲ್ಲಿತ್ತು, ಯಾವ ಕಾಗದದ ಮೂಲಕ ಬಂತು, ಆಗ ಅವರ ಹೆಸರು ಏನಿತ್ತು. ವಂಶವೃಕ್ಷ ಆಮೇಲೆ.

ಸಾಫ್ಟ್‌ವೇರ್‌ನಲ್ಲಿ ಎಡ್ವರ್ಡ್‌ಗೆ ಒಂದೇ ಎಂಟ್ರಿ ಇರಲಿ. ತಂದೆ ತಾಯಿ ಜಾರ್ಜ್ ಆಸ್ಟಿನ್ ಮತ್ತು ಕಸ್ಸಾಂಡ್ರ ಲೀ. ಎರಡನೇ ಹೆಸರು ನೈಟ್, ತಾರೀಖು 1812. ಥಾಮಸ್ ನೈಟ್ ಅವರನ್ನು ಹೆತ್ತ ತಂದೆಯ ಜಾಗಕ್ಕೆ ಹಾಕಬೇಡಿ, ಸಾಕಿದವರು ಅಂತ ಬೇರೆ ಸಂಬಂಧ ಕೊಡಿ.

ಹೆಸರು ಬದಲಾದ ಕಾಲಕ್ಕೆ ಮನೆಯವರ ಸಾಕ್ಷಿಯೇ ಇದೆ. 1812ರ ನವೆಂಬರ್ ಕೊನೆಯ ಒಂದು ಪತ್ರದಲ್ಲಿ ಜೇನ್, ಇನ್ನು ಮೇಲೆ ಕೆ ಅಕ್ಷರವನ್ನು ಚೆನ್ನಾಗಿ ಬರೆಯುವುದು ಕಲಿಯಬೇಕು ಅಂತ ಬರೆದಿದ್ದಾರೆ (ಇಂಗ್ಲಿಷ್‌ನಲ್ಲಿ ನೈಟ್ ಹೆಸರು ಶುರುವಾಗುವುದು ಕೆ ಅಕ್ಷರದಿಂದ, Knight). ಹಿರಿಮಗಳು ಫ್ಯಾನಿಗಂತೂ ಇದು ಸ್ವಲ್ಪವೂ ಇಷ್ಟವಿರಲಿಲ್ಲ, ಆ ಸಿಟ್ಟನ್ನು ಡೈರಿಯಲ್ಲಿ ಆಶ್ಚರ್ಯಸೂಚಕಗಳ ಸಾಲು ಹಾಕಿ ತೋರಿಸಿದ್ದಾರೆ. ಆ ಡೈರಿಗಳು ಮೇಡ್‌ಸ್ಟೋನ್‌ನ ಕೆಂಟ್ ದಾಖಲೆ ಕೇಂದ್ರದಲ್ಲಿವೆ. ಬೇರೆ ಕುಟುಂಬಗಳಿಗೆ ಇಂಥ ಪತ್ರಗಳು ಸಿಗದಿದ್ದರೆ ಲಂಡನ್ ಗೆಜೆಟ್ ನೋಡಿ. ರಾಜರ ಅನುಮತಿಯ ಮೇಲೆ ಆದ ಹೆಸರು ಬದಲಾವಣೆಗಳು ಅದರಲ್ಲಿ ಪ್ರಕಟವಾಗುತ್ತಿದ್ದವು.

ಸರ್ವೆ_ನಂಬರ್:
ಹಳೆ ಕಡತ ಸರ್ ಹೇಳಿದ ಎಸ್ಟೇಟ್ ಪಟ್ಟಿಗೆ ಟೈತ್ ದಾಖಲೆ ಸೇರಿಸಿ. 1836ರ ಕಾಯ್ದೆಯಿಂದ ಚರ್ಚಿಗೆ ಕೊಡುವ ದಶಾಂಶವನ್ನು ಹಣಕ್ಕೆ ಬದಲಾಯಿಸಿದರು. ಅದಕ್ಕಾಗಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದೇಶಕ್ಕೆ ನಕ್ಷೆ ಮತ್ತು ಪಟ್ಟಿ ತಯಾರಾಯಿತು. ನೋಡಿದರೆ ನಮ್ಮ ಪಹಣಿ ನೋಡಿದ ಹಾಗೇ ಇರುತ್ತದೆ. ಒಂದು ಕಾಲಂನಲ್ಲಿ ಮಾಲೀಕ, ಪಕ್ಕದಲ್ಲಿ ಅನುಭವದಲ್ಲಿರುವವರು, ನಂಬರ್, ಹೊಲದ ಹೆಸರು, ಉಳುಮೆಯೋ ಹುಲ್ಲುಗಾವಲೋ, ಕೊನೆಗೆ ವಿಸ್ತೀರ್ಣ. ಅಳತೆ ಎಕರೆ, ರೂಡ್, ಪರ್ಚ್‌ನಲ್ಲಿ. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ನಮ್ಮ ಒಂದು ಗುಂಟೆ ಅಂದರೆ 4 ಪರ್ಚ್.

ಒಂದು ಎಚ್ಚರಿಕೆ. ಆ ಕಾಲದಲ್ಲಿ ಇಬ್ಬರು ಎಡ್ವರ್ಡ್ ನೈಟ್ ಇದ್ದರು. ಅಪ್ಪ ಗಾಡ್ಮರ್ಶಮ್‌ನಲ್ಲಿ. 1794ರಲ್ಲಿ ಹುಟ್ಟಿದ ಹಿರಿಮಗ ಮದುವೆಯಾದ ಮೇಲೆ ಚಾಟನ್‌ನಲ್ಲಿ. ಸುಮ್ನೆ ಹೆಸರು ನೋಡಿ ಒಬ್ಬರಿಗೆ ಅಂಟಿಸಬೇಡಿ. ಮಾಲೀಕ ಯಾರು, ವಾಸ ಯಾರದು ಅನ್ನುವ ಎರಡು ಕಾಲಂ ಅಲ್ಲೇ ಕೆಲಸಕ್ಕೆ ಬರುತ್ತವೆ.

ಅಪ್ಪ ತೀರಿಕೊಂಡಿದ್ದು 1852ರಲ್ಲಿ. ಹಾಗಾಗಿ 1873ರ ಭೂಮಾಲೀಕರ ಸರ್ಕಾರಿ ಪಟ್ಟಿಯಲ್ಲಿ ಎಡ್ವರ್ಡ್ ನೈಟ್ ಅಂತ ಕಂಡರೆ ಅದು ಮಗ. ಆ ಪಟ್ಟಿ ಕೌಂಟಿವಾರು ಇದೆ. ಕೆಂಟ್‌ನದ್ದು, ಹ್ಯಾಂಪ್‌ಶೈರ್‌ನದ್ದು ನೀವೇ ಕೂಡಿಸಿಕೊಳ್ಳಬೇಕು. ಗಾಡ್ಮರ್ಶಮ್ ಮಾರಾಟವಾಗಿದ್ದು 1874ರಲ್ಲಿ.

ಬೇರು_ಬಿಳಲು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಎಸ್ಟೇಟ್ ಪಟ್ಟಿ ಮಾಡಿದ ಮೇಲೆ ಮೂವರು ಥಾಮಸ್‌ಗಳು ಒಂದಾದರು, ಮಕ್ಕಳೆಲ್ಲ ಅಪ್ಪನ ಕೆಳಗೆ ಬಂದು ಕೂತರು. ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಗೊತ್ತಾ.

ಇನ್ನೂ ಮೂರು ಅನುಮಾನ ಇವೆ. 1841ರ ಜನಗಣತಿಯ ವಯಸ್ಸನ್ನು ಎಷ್ಟು ನಂಬಬಹುದು? ಅಪ್ಪನ ಉಯಿಲು ಎಲ್ಲಿ ಹುಡುಕಲಿ? ಹಾಗೆಯೇ ಮಗಳು ಲೂಯಿಸಾ 1847ರಲ್ಲಿ ಲಾರ್ಡ್ ಜಾರ್ಜ್ ಹಿಲ್ ಅವರನ್ನು ಮದುವೆಯಾದರು ಅಂತ ಓದಿದೆ. 1837ರಿಂದಲೇ ಸರ್ಕಾರಿ ನೋಂದಣಿ ಇದೆ ಅಲ್ವಾ? ಆದರೂ ಸೂಚಿಯಲ್ಲಿ ಮದುವೆ ಕಾಣುತ್ತಿಲ್ಲ.

ಹಳೆ_ಕಡತ:
1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಸೂಚನೆ ಇತ್ತು. 73 ಆದವರು 70. ಎಲ್ಲ ಗಣತಿದಾರರೂ ಅದನ್ನು ಪಾಲಿಸಲಿಲ್ಲ. ಹುಟ್ಟಿದ ಊರಿನ ಹೆಸರೂ ಇಲ್ಲ, ಅದೇ ಕೌಂಟಿಯೋ ಅಲ್ಲವೋ ಅಂತ ಮಾತ್ರ. 1851ರದ್ದನ್ನು ನಂಬಿ, ಅದರಲ್ಲಿ ಹುಟ್ಟಿದ ಊರು, ಯಜಮಾನರಿಗೆ ಏನಾಗಬೇಕು ಅನ್ನೋದು ಎರಡೂ ಇರುತ್ತದೆ.

1858ರ ಜನವರಿವರೆಗೆ ಉಯಿಲುಗಳೆಲ್ಲ ಚರ್ಚ್ ಕೋರ್ಟುಗಳಲ್ಲಿ. ಎರಡು ಕೌಂಟಿಯಲ್ಲಿ ಆಸ್ತಿ ಇದ್ದ ಇಂಥ ದೊಡ್ಡ ಮನೆತನಕ್ಕೆ ಮೊದಲು ನೋಡಬೇಕಾದ್ದು ಕ್ಯಾಂಟರ್ಬರಿಯ ಪ್ರಿರೋಗೇಟಿವ್ ಕೋರ್ಟ್. ಅದರ ಪ್ರತಿಗಳು ಲಂಡನ್‌ನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರೋಬ್ 11 ಸರಣಿಯಲ್ಲಿವೆ. ಮಗ ಹೋಗಿದ್ದು 1879ರಲ್ಲಿ, ಅವರಿಗೆ ರಾಷ್ಟ್ರೀಯ ಪ್ರೊಬೇಟ್ ಕ್ಯಾಲೆಂಡರ್ (ಉಯಿಲುಗಳ ಸರ್ಕಾರಿ ಸೂಚಿ) ನೋಡಿ. ಉಯಿಲಿನಲ್ಲಿ ಎಸ್ಟೇಟಿನ ಮಾತೇ ಇಲ್ಲದಿದ್ದರೆ ಗಾಬರಿಯಾಗಬೇಡಿ. ಸೆಟ್ಲ್‌ಮೆಂಟಿಗೆ ಒಳಪಟ್ಟ ಜಮೀನು ಮೊದಲೇ ಬರೆದಿಟ್ಟ ಕ್ರಮದಲ್ಲಿ ಮುಂದಿನವರಿಗೆ ಹೋಗುತ್ತಿತ್ತು, ಇದ್ದ ಯಜಮಾನರಿಗೆ ಅದನ್ನು ಉಯಿಲಿನಲ್ಲಿ ಹಂಚುವ ಹಕ್ಕಿರಲಿಲ್ಲ. ಅದಕ್ಕೆ ಮದುವೆಯ ಹೊತ್ತಿನ ಸೆಟ್ಲ್‌ಮೆಂಟ್ ಪತ್ರ ಹುಡುಕಬೇಕು. ನೈಟ್ ಕುಟುಂಬದ ಕಾಗದಗಳು ವಿಂಚೆಸ್ಟರ್‌ನ ಹ್ಯಾಂಪ್‌ಶೈರ್ ರೆಕಾರ್ಡ್ ಆಫೀಸಿನಲ್ಲಿವೆ. ಮೊದಲು ಕ್ಯಾಟಲಾಗ್ ಓದಿ, ಬೇಕಾದ ಪತ್ರದ ನಂಬರ್ ಗುರುತು ಮಾಡಿಕೊಂಡು ಈಮೇಲ್ ಮಾಡಿ.

ಲೂಯಿಸಾ ವಿಷಯ. ಲಾರ್ಡ್ ಜಾರ್ಜ್ ಮೊದಲು ಮದುವೆಯಾಗಿದ್ದು ಲೂಯಿಸಾ ಅವರ ತಂಗಿ ಕಸ್ಸಾಂಡ್ರ ಅವರನ್ನು, 1834ರಲ್ಲಿ. ಆಕೆ 1842ರಲ್ಲಿ ತೀರಿಕೊಂಡರು. ಹೆಂಡತಿ ಸತ್ತ ಮೇಲೆ ಅವಳ ಅಕ್ಕತಂಗಿಯನ್ನು ಮದುವೆಯಾಗುವುದು ನಮ್ಮ ಕಡೆ ತೀರಾ ಸಾಮಾನ್ಯ. ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ 1835ರ ಕಾಯ್ದೆ ಬಂದ ಮೇಲೆ ಅಂಥ ಮದುವೆಗೆ ಬೆಲೆಯೇ ಇರಲಿಲ್ಲ. 1907ರವರೆಗೂ ಹಾಗೇ ಇತ್ತು. ಎಷ್ಟೋ ಜೋಡಿಗಳು ಹೊರದೇಶಕ್ಕೆ ಹೋಗಿ ಮದುವೆಯಾಗುತ್ತಿದ್ದರು. ಹಾಗಾಗಿ ಇಂಗ್ಲೆಂಡಿನ ಸೂಚಿಯನ್ನು ಬಿಟ್ಟು ಹೊರದೇಶದ ರಿಜಿಸ್ಟರ್, ಪತ್ರಿಕೆಗಳ ಮದುವೆ ಸುದ್ದಿ ನೋಡಿ. ಹೆಣ್ಣುಮಕ್ಕಳನ್ನು ವೃಕ್ಷದಲ್ಲಿ ಗಂಡನ ಹೆಸರಿನ ಹತ್ತಿರ ಬಿಟ್ಟು ಹೋಗಬೇಡಿ ಅಂತ ನನ್ನ ವಿನಂತಿ. ಈ ಮನೆತನದ ಒಳ್ಳೊಳ್ಳೆ ಕಾಗದ ಉಳಿದಿರುವುದೇ ಅವರ ಕಡೆಯಿಂದ.

ಸರ್ವೆ_ನಂಬರ್:
ಹಿರಿಮಗನ ಮೊದಲ ಮದುವೆಗೂ ಇದೇ ಮಾತು. 1826ರಲ್ಲಿ ಅವರು ಓಡಿಹೋಗಿ ಮದುವೆಯಾಗಿದ್ದು ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ನಲ್ಲಿ. ಹುಡುಗಿ ಯಾರೆಂದರೆ, ಅವರ ಅಕ್ಕ ಫ್ಯಾನಿಯ ಗಂಡ ಸರ್ ಎಡ್ವರ್ಡ್ ನ್ಯಾಚ್‌ಬುಲ್ ಅವರಿಗೆ ಮೊದಲ ಹೆಂಡತಿಯಲ್ಲಿ ಹುಟ್ಟಿದ ಮಗಳು. ನಿಮ್ಮ ಸಾಫ್ಟ್‌ವೇರ್ ಇಲ್ಲಿ ಸುತ್ತು ಬಂದಿದೆ (ಒಂದೇ ಜನ ಎರಡು ದಾರಿಯಲ್ಲಿ ಸಂಬಂಧಿಗಳು) ಅಂತ ಎಚ್ಚರಿಕೆ ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ಫ್ಯಾನಿಯವರ ಮಗನನ್ನು ಹುಡುಕುವಾಗ 1849ರ ನಂತರ ನ್ಯಾಚ್‌ಬುಲ್-ಹ್ಯೂಗೆಸನ್ ಅಂತ ಹಾಕಿ, 1880ರ ನಂತರ ಲಾರ್ಡ್ ಬ್ರೇಬೋರ್ನ್ ಅಂತ ಹಾಕಿ.

ಬೇರು_ಬಿಳಲು:
ಸುತ್ತು ಬಂದಿದೆ ಅಂತ ನಿಜವಾಗಿಯೂ ತೋರಿಸುತ್ತಿದೆ ಸರ್! ಹಾಗೇ ಬಿಡುತ್ತೇನೆ. ಎಲಿಜಬೆತ್ ನೈಟ್‌ಗಿಂತ ಹಿಂದಕ್ಕೆ ಹೋಗಲು ಯಾವ ಕಾಗದ ಹಿಡಿಯಲಿ?

ಹಳೆ_ಕಡತ:
1814ರಲ್ಲಿ ಚಾಟನ್ ಎಸ್ಟೇಟ್ ತಮಗೆ ಸೇರಬೇಕು ಅಂತ ಹಿಂಟನ್ ಮತ್ತು ಬ್ಯಾವರ್‌ಸ್ಟಾಕ್ ಕುಟುಂಬದವರು ದಾವೆ ಹೂಡಿದರು. ಹಳೇ ನೈಟ್‌ಗಳ ರಕ್ತಸಂಬಂಧಿಗಳು ನಾವೇ ಅನ್ನುವುದು ಅವರ ವಾದ. ಹಾಗೆ ವಾದಿಸುವವರು ತಮ್ಮ ವಂಶಾವಳಿಯನ್ನು ತಲೆಮಾರು ತಲೆಮಾರಾಗಿ ತೋರಿಸಲೇಬೇಕು. ವಿಂಚೆಸ್ಟರ್ ಕ್ಯಾಟಲಾಗಿನಲ್ಲಿ ನೈಟ್ ಜೊತೆಗೆ ಆ ಎರಡು ಹೆಸರನ್ನೂ ಹಾಕಿ ಹುಡುಕಿ, ಸಿಕ್ಕಿದ್ದನ್ನು ಇಲ್ಲೇ ಹಾಕಿ. ಒಟ್ಟಿಗೆ ಓದೋಣ.