ಚುನಾವಣೆಗೆ ನಿಂತವರ ನಿಲುವು

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದರಲ್ಲಿ ಭಾನುವಾರ ಬೆಳಗ್ಗೆ ನಾವು ನಾಲ್ವರು ಕೂಡುವುದು ಹಳೆಯ ವಾಡಿಕೆ. ಇಂಜಿನಿಯರರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದವರು, ಶೆಟ್ಟರಿಗೆ ಮಂಡಿಪೇಟೆಯಲ್ಲಿ ಅಂಗಡಿ, ಅಣ್ಣಯ್ಯನಿಗೆ ಆಟೋ, ನನಗೆ ಮೇಷ್ಟ್ರೆಂಬ ಹೆಸರು ಮತ್ತು ಪಿಂಚಣಿ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ ಇನ್ನೇನು ಚುನಾವಣೆ ಬಂತು ಎಂಬ ಗಾಳಿ ಬೀಸಿದ್ದೇ ತಡ, ನಮ್ಮ ವಾರ್ಡಿನಲ್ಲಿ ಮೂವರು ಟಿಕೆಟಿಗೂ ಮೊದಲೇ ಕೈಮುಗಿಯಲು ಆರಂಭಿಸಿದ್ದರಿಂದ, ರಸ್ತೆ ಸುರಕ್ಷತೆಯ ವಿಷಯದಲ್ಲಿ ಈ ನಿಂತವರ ನಿಲುವೇನು ಎಂಬುದೇ ಆ ದಿನದ ಮಾತಾಯಿತು.

“ಮೊದಲನೆಯವರನ್ನು ನಾನೇ ಕೇಳಿದೆ ಮೇಷ್ಟ್ರೇ,” ಎಂದರು ಶೆಟ್ಟರು. “ಹೆದ್ದಾರಿ ದಾಟುವುದಕ್ಕೆ ಜನ ಜೀವ ಕೈಯಲ್ಲಿ ಹಿಡಿದು ಓಡುತ್ತಾರಲ್ಲ ಸ್ವಾಮಿ ಎಂದೆ. ರಾಷ್ಟ್ರೀಯ ಹೆದ್ದಾರಿ 48 ಕೇಂದ್ರದ್ದು, ಸಿಗ್ನಲ್ಲು ಪೊಲೀಸರದ್ದು, ಲೈಸೆನ್ಸು ಆರ್‌ಟಿಒದವರದ್ದು ಎಂದು ಒಂದೊಂದೇ ಬೆರಳು ಮಡಚುತ್ತಾ ಹೋದವರು, ಕೊನೆಗೆ ಬರಿಯ ಮುಷ್ಟಿಯನ್ನು ನನಗೆ ತೋರಿಸಿ ಹೊರಟೇಹೋದರು.”

“ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ,” ಎಂದರು ಇಂಜಿನಿಯರರು. “1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿದ್ದು, ರಸ್ತೆ, ಸೇತುವೆ, ಬೀದಿದೀಪ, ವಾಹನ ನಿಲ್ಲಿಸುವ ಜಾಗ ಎಲ್ಲವೂ ಅದರಲ್ಲಿವೆ. ಕತ್ತಲೆಯ ತಿರುವಿಗೊಂದು ದೀಪ ಹಾಕಿಸಲು ದೆಹಲಿಗೆ ಹೋಗಬೇಕಾಗಿಲ್ಲ. ಆದರೆ ಫುಟ್‌ಪಾತ್ ತೆರವು ಮಾಡಿಸುತ್ತೇನೆ ಎಂದು ಹೇಳಿ ಮತ ಕೇಳುವ ಗಂಡು ಇನ್ನೂ ಹುಟ್ಟಿಲ್ಲ.”

“ಹುಟ್ಟುವುದೂ ಬೇಡ,” ಎಂದರು ಶೆಟ್ಟರು ಥಟ್ಟನೆ. ಅವರ ಕೊಬ್ಬರಿ ಮೂಟೆಗಳು ಹತ್ತು ವರ್ಷಗಳಿಂದ ಫುಟ್‌ಪಾತಿನಲ್ಲಿಯೇ ವಾಸವಾಗಿದ್ದು, ಮತದಾರರ ಪಟ್ಟಿಗೆ ಹೆಸರು ಸೇರುವುದೊಂದು ಬಾಕಿ ಇದೆ.

ಎರಡನೆಯವರ ನಿಲುವನ್ನು ವಿವರಿಸುವ ಭಾಗ್ಯ ಅಣ್ಣಯ್ಯನದಾಯಿತು. “ನಮ್ಮ ಆಟೋ ಸ್ಟ್ಯಾಂಡಿಗೇ ಬಂದು, ಹೆಲ್ಮೆಟ್ ಹಿಡಿಯುವ ಪೊಲೀಸರ ಕಾಟವನ್ನು ನಾನು ತಪ್ಪಿಸುತ್ತೇನೆ ಎಂದು ಭಾಷಣ ಮಾಡಿದರು ಸಾರ್. ಆಟೋದವರಿಗೆ ಹೆಲ್ಮೆಟ್ಟೇ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ, ನಾವೂ ಸುಮ್ಮನೆ ಚಪ್ಪಾಳೆ ತಟ್ಟಿದೆವು. ಆಮೇಲೆ ಬೈಕ್ ರ‍್ಯಾಲಿ ಹೊರಟಿತು ನೋಡಿ, ಗಾಡಿಗೆ ಮೂರು ಜನ, ಎರಡು ಬಾವುಟ, ತಲೆಗೆ ಮಾತ್ರ ಪೇಟ.”

“ಪೇಟಕ್ಕೆ ಐಎಸ್‌ಐ ಗುರುತು ಇತ್ತೇ?” ಎಂದು ನಾನು ಕೇಳಿದೆ.

ಇಂಜಿನಿಯರರು ನಗಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 50,029 ಮಂದಿ ಹೆಲ್ಮೆಟ್ ಹಾಕದೆ ಬೈಕು, ಸ್ಕೂಟರುಗಳಲ್ಲಿ ಹೋಗುತ್ತಿದ್ದವರೆಂದೂ, ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕವೆಂದೂ, ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವೆಂದೂ ಹೇಳಿದಾಗ, ಸ್ವಲ್ಪ ಹೊತ್ತು ನಮ್ಮಲ್ಲಿ ಯಾರೂ ಚಟ್ನಿ ಕೇಳಲಿಲ್ಲ. ನನ್ನ ಕಣ್ಣು ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಕಡೆಗೆ ಹೋಯಿತು. ಹೆಲ್ಮೆಟ್ಟು ಮನೆಯಿಂದ ಇಲ್ಲಿಯವರೆಗೆ ಅದರ ಕನ್ನಡಿಗೆ ತೊಡಿಸಿಕೊಂಡು ಬಂದಿತ್ತು. ಕನ್ನಡಿಗೆ ಒಂದು ಗೀರೂ ಇರಲಿಲ್ಲ.

ಮೂರನೆಯವರದ್ದು ಹಂಪಿನ ಪಕ್ಷ. ಶಾಲೆಯ ಮುಂದೆ ಗಾಡಿಗಳು ಹಾರಿಕೊಂಡು ಹೋಗುತ್ತವೆ ಎಂದರೆ ಹಂಪು, ಬೀದಿದೀಪ ಉರಿಯುವುದಿಲ್ಲ ಎಂದರೆ ಹಂಪು. ನಲ್ಲಿಯಲ್ಲಿ ನೀರಿಲ್ಲ ಎಂದು ದೂರಿದವರಿಗೂ, ಟ್ಯಾಂಕರು ನಿಮ್ಮ ಮನೆಯ ಮುಂದೆ ತಾನಾಗಿಯೇ ನಿಧಾನವಾಗುವಂತೆ ಒಂದು ಹಂಪು ಹಾಕಿಸುತ್ತೇನೆ ಎಂದರಂತೆ. ನಮ್ಮ ಬೀದಿಯೊಂದರಲ್ಲಿಯೇ ಈಗಾಗಲೇ ಐದಿವೆ, ಒಂದಕ್ಕೂ ಬಿಳಿ ಪಟ್ಟೆಯಿಲ್ಲ, ರಾತ್ರಿ ಅವು ಇರುವುದು ಸೊಂಟಕ್ಕೆ ಮೊದಲು ಗೊತ್ತಾಗುತ್ತದೆ.

“ಹಂಪು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿಯೇ ಬರೆದಿಟ್ಟಿದೆ,” ಎಂದು ಇಂಜಿನಿಯರರು ಆರಂಭಿಸಿದರು.

“ಅದು ಯಾವ ಬಣದ ಕಾಂಗ್ರೆಸ್?” ಎಂದರು ಶೆಟ್ಟರು.

“ಅದು ರಸ್ತೆ ಇಂಜಿನಿಯರುಗಳ ಸಂಸ್ಥೆ. 1934ರಿಂದ ಇದೆ, ಇದುವರೆಗೆ ಯಾವ ಚುನಾವಣೆಗೂ ನಿಂತಿಲ್ಲ.” ಅವರು ತಮ್ಮ ತಟ್ಟೆಯನ್ನು ಮೇಜಿನ ನಡುವೆ ಸರಿಸಿ, ಇಡ್ಲಿಯ ಮೇಲೆ ಚಮಚವನ್ನು ಈ ಅಂಚಿನಿಂದ ಆ ಅಂಚಿಗೆ ಮೆಲ್ಲಗೆ ಎಳೆದರು. “ಅಗಲ 3.7 ಮೀಟರು, ಎತ್ತರ ಕೇವಲ ಹತ್ತು ಸೆಂಟಿಮೀಟರು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಬಂದವನು ಏರಿದ್ದು ತಿಳಿಯದಂತೆ ಇಳಿಯಬೇಕು, ಅದಕ್ಕಿಂತ ಜೋರಾಗಿ ಬಂದವನಿಗೆ ಮಾತ್ರ ಬುದ್ಧಿ ಬರಬೇಕು. ಹಂಪು ಎಂದರೆ ತಟ್ಟೆ ಇಡ್ಲಿಯ ಹಾಗೆ ಹರಡಿಕೊಂಡಿರಬೇಕು. ನಿಮ್ಮ ಬೀದಿಯವು ರಾಗಿಮುದ್ದೆಗಳು.”

“ಮುದ್ದೆಯನ್ನು ನಾವಾದರೆ ನುಂಗುತ್ತೇವೆ, ನನ್ನ ಆಟೋ ಏನು ಮಾಡಬೇಕು ಸಾರ್?” ಎಂದ ಅಣ್ಣಯ್ಯ. “ಮೂರು ತಿಂಗಳಿಗೊಮ್ಮೆ ಷಾಕ್ ಅಬ್ಸಾರ್ಬರ್ ಬದಲಾಯಿಸುತ್ತಿದ್ದೇನೆ.”

ಅಷ್ಟರಲ್ಲಿ ಮೂರನೆಯವರೇ ಬೆಂಬಲಿಗರೊಡನೆ ಹೋಟೆಲಿಗೆ ಬಂದು, ನಮ್ಮ ಮೇಜಿನ ಮುಂದೆ ಕೈಮುಗಿದು, ಹಿರಿಯರಿಗೆ ಏನಾಗಬೇಕು ಅಪ್ಪಣೆಯಾಗಲಿ ಎಂದರು. ಶೆಟ್ಟರು ಫುಟ್‌ಪಾತಿನ ಮಾತೆತ್ತಬೇಡಿ ಎಂದು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ದೀಪದ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರರು ಎದ್ದುನಿಂತು, ಅವರ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು.

“ನಮ್ಮ ಮನೆಯ ಮುಂದೆ ಮೊಮ್ಮಕ್ಕಳು ಆಡುತ್ತಾರೆ, ಒಂದು ಹಂಪು ಹಾಕಿಸಿಕೊಡಿ.”

“3.7 ಮೀಟರಿನದೇ?” ಎಂದೆ ನಾನು.

“ಅಷ್ಟು ಅಗಲವಾದರೆ ನನ್ನ ಕಾರು ಗೇಟಿನೊಳಗೆ ತಿರುಗುವುದಿಲ್ಲ ಮೇಷ್ಟ್ರೇ,” ಎಂದರು ಇಂಜಿನಿಯರರು. “ಮುದ್ದೆಯದೇ ಇರಲಿ.”